ಅಪ್ಪನ ಕಾರಿನ ಎರಡನೇ ಟಿಕ್

ಅಂಗಡಿಯ ಹಿಂದಿನ ಕೋಣೆ
ಹನ್ನೆರಡನೇ ತಾರೀಖು, ಸೋಮವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಸೊಂಟ ನೋವು ಎಂದಿದ್ದೆಯಲ್ಲ, ಈಗ ಪರವಾಗಿಲ್ಲವೇ? ಗೂನು ಬೆನ್ನು ಮಾಡಿಕೊಂಡು ಕೂರಬೇಡ ಎಂದು ಚಿಕ್ಕಂದಿನಿಂದ ಬಡಿದುಕೊಂಡೆ, ನೀನು ಕೇಳಿದವನಲ್ಲ. ನಿನ್ನ ಹೆಂಡತಿಯ ಕೆಮ್ಮು ನಿಂತಿತೇ? ಮಗಳಿಗೆ ಮುಂದಿನ ಹಲ್ಲು ಬಂತೇ? ಅಮ್ಮ ಚೆನ್ನಾಗಿದ್ದಾಳೆ. ಮಂಡಿಗೆ ಶಕ್ತಿಯಿಲ್ಲ, ಬಾಯಿಗೆ ಬೇಕಾದಷ್ಟಿದೆ. ಬೆಳಿಗ್ಗೆಯಿಂದ ನನಗೆ ಎರಡು ಸಲ ಬೈದಾಗಿದೆ. ಇಲ್ಲಿ 'ನಾನೂ ಕ್ಷೇಮ' ಎಂದು ಬರೆಯುವುದು ರೂಢಿ, ಈ ಸಲ ಬರೆಯುವುದಿಲ್ಲ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ನಗುತ್ತೀಯ, ನೀನು ನಕ್ಕರೆ ನಾನೂ ನಕ್ಕುಬಿಡುತ್ತೇನೆ, ಇಷ್ಟು ವರ್ಷವೂ ಹಾಗೇ ಆಗಿದೆ. ಅದಕ್ಕೇ ಈ ಕಾಗದ. ಕೂತು ಓದು, ಪೂರ್ತಿ ಓದು.

ನಮ್ಮ ಭಾನುವಾರದ ಗುಂಪು ನಿನಗೆ ಗೊತ್ತು. 'ಕಿವಿ ಸಂಘ' ಎಂದು ಹೆಸರಿಟ್ಟವನೇ ನೀನು. ಔಷಧಿ ಅಂಗಡಿಯವರ ಮಹಡಿಯಲ್ಲಿ, ಗೋಡೆಗೆಲ್ಲ ಹಳೆಯ ರಜಾಯಿ ಹೊದಿಸಿದ ಆ ಕೋಣೆಯಲ್ಲಿ, ಈಗಲೂ ಸೇರುತ್ತೇವೆ. ರೆಕಾರ್ಡು ತಿರುಗುವಾಗ ಎಲ್ಲರೂ ಕಣ್ಣು ಮುಚ್ಚಬೇಕು, ಸದ್ದು ಪೂರ್ತಿ ನಿಲ್ಲುವವರೆಗೆ ಯಾರೂ ಉಸಿರೆತ್ತಬಾರದು, ಅದು ಈಗಲೂ ಅಲ್ಲಿಯ ಕಾನೂನು. ಕೆಮ್ಮಿದವರು ಮುಂದಿನ ವಾರದ ಬಿಸ್ಕತ್ತು ತರಬೇಕು. ಹೊಸದಾಗಿ ಒಬ್ಬರು ಹಲ್ಲಿನ ಡಾಕ್ಟರು ಸೇರಿದ್ದಾರೆ. ಬೇರೆ ಊರಿನಲ್ಲಿದ್ದವರು, ಹೋದ ವರ್ಷ ಇಲ್ಲಿಗೆ ಬಂದು ಕ್ಲಿನಿಕ್ ತೆರೆದರು. ಮೆತ್ತಗಿನ ಮನುಷ್ಯ. ಹಗಲೆಲ್ಲ ಡ್ರಿಲ್ಲಿನ ಸದ್ದು ಕೇಳಿ ಕೇಳಿ, ವಾರಕ್ಕೊಮ್ಮೆ ಕಿವಿ ತೊಳೆದುಕೊಳ್ಳಲು ಬರುತ್ತೇನೆ ಎನ್ನುತ್ತಾರೆ.

ಹೋದ ವಾರದ ಹಿಂದಿನ ವಾರ ಮಾತು ಹೇಗೋ ಕಾರಿನ ಕಡೆ ತಿರುಗಿತು. ಯಾರ್ಯಾರು ಯಾವ್ಯಾವ ಕಾರು ಇಟ್ಟುಕೊಂಡಿದ್ದಿರಿ, ಯಾವುದು ಅಚ್ಚುಮೆಚ್ಚು ಅಂತ. ನಮ್ಮವರ ಬಾಯಲ್ಲಿ ಕಾರಿನ ಕತೆ ನೀನು ಕೇಳಬೇಕಿತ್ತು! ಎಷ್ಟು ವೇಗ, ಎಷ್ಟು ಮೈಲೇಜು ಎಂಬ ಮಾತೇ ಇಲ್ಲ. ಭೂಗೋಳದ ಮೇಷ್ಟ್ರ ಮೊದಲ ಕಾರಿನ ನೆಲ ತುಕ್ಕು ತಿಂದು ತೂತಾಗಿತ್ತಂತೆ. ಬೇರೆಯವರಾಗಿದ್ದರೆ ತಗಡು ಬಡಿಸುತ್ತಿದ್ದರು, ಇವರು ತೂತಿನ ಅಳತೆಗೆ ಸರಿಯಾಗಿ ಒಂದು ದೊಡ್ಡ ಸ್ಪೀಕರು ಕೂರಿಸಿದರು. ಹಿಂದಿನ ಸೀಟಿನಲ್ಲಿ ಕೂತ ಅವರ ಅತ್ತೆಗೆ ತಬಲಾ ಕಾಲಿನಿಂದ ಮೇಲೆ ಹತ್ತುತ್ತಿತ್ತಂತೆ. ಆ ಮಹಾತಾಯಿ ಆಮೇಲೆ ಬಸ್ಸಿನಲ್ಲೇ ಓಡಾಡಿದರು. ಔಷಧಿ ಅಂಗಡಿಯವರು ಒಂದು ಒಳ್ಳೆಯ ಕಾರನ್ನು ಬರೀ ಫ್ಯಾನಿನ ಸದ್ದಿಗಾಗಿ ಮಾರಿದರಂತೆ. ಫ್ಯಾನು ಹಾಡಿನ ಶ್ರುತಿಗಿಂತ ಕೂದಲೆಳೆಯಷ್ಟು ಕೆಳಗೆ ಗುಂಯ್‌ಗುಡುತ್ತಿತ್ತು, 'ಹೆಂಡ್ತಿ ಗೊಣಗಿದ್ರೆ ತಡ್ಕೋಬಹುದು, ಅಪಸ್ವರ ತಡ್ಕೊಳ್ಳೋಕಾಗಲ್ಲ' ಎಂದರು. ನನ್ನ ಸರದಿ ಬಂದಾಗ ನಾನು ಅಪ್ಪನ ಕಾರಿನ ಕತೆ ಹೇಳಲಿಲ್ಲ. 'ನಮ್ಮನೇಲಿ ಒಂದಿತ್ತು, ಸುಟ್ಟುಹೋಯ್ತು' ಎಂದಷ್ಟೇ ಹೇಳಿ ಬಿಸ್ಕತ್ತು ತೆಗೆದುಕೊಂಡೆ. ಯಾರೂ ಕೆದಕಲಿಲ್ಲ.

ಆಗ ಹಲ್ಲಿನ ಡಾಕ್ಟರು, ತಾನು ಇಟ್ಟುಕೊಂಡ ಕಾರುಗಳ ಫೋಟೋ ಒಂದೂ ಇಲ್ಲ, ಆದರೆ ಎಲ್ಲದರ ಸದ್ದೂ ಇದೆ ಎಂದರು. ಬಾಗಿಲು ತೆಗೆದದ್ದು, ಹಾಕಿದ್ದು, ಕೀಲಿ ತಿರುಗಿಸಿದ್ದು, ಎಂಜಿನ್ ಎದ್ದದ್ದು, ಎಲ್ಲ ರೆಕಾರ್ಡ್ ಮಾಡಿಟ್ಟುಕೊಂಡಿದ್ದಾರೆ. ತರಲೇಬೇಕು ಎಂದು ಎಲ್ಲರೂ ದುಂಬಾಲು ಬಿದ್ದೆವು. ನಿನ್ನೆ ತಂದರು. ಔಷಧಿ ಅಂಗಡಿಯವರ ದೊಡ್ಡ ಸ್ಪೀಕರಿನಲ್ಲಿ ಹಾಕಿದರು. ಅದರೊಳಗಿನ, ಸದ್ದು ಹೊರಡಿಸುವ ಕಾಗದದ ಕೋನ್ ಅನ್ನು ಹೋದ ಬೇಸಗೆಯಲ್ಲಿ ನಾನೇ ಬದಲಾಯಿಸಿದ್ದೆ, ಸೂಜಿ ಬಿದ್ದರೆ ಯಾವ ಕಡೆ ಬಿತ್ತೆಂದು ಹೇಳುವ ಸ್ಪೀಕರು. ಎಲ್ಲರೂ ಕಣ್ಣು ಮುಚ್ಚಿ ಯಾವ ಕಾರೆಂದು ಗುರುತಿಸಬೇಕು, ಅದು ಆಟ. ಮೊದಲನೆಯದನ್ನು ಮೇಷ್ಟ್ರು ಹೇಳಿದರು. ಎರಡನೆಯದಕ್ಕೆ ಜಗಳವೇ ಆಯಿತು. ಮೂರನೆಯದರಲ್ಲಿ ಬಾಗಿಲು ಹಾಕಿದ ಸದ್ದು ಬಂತು.

ತಮ್ಮಾ, ಅಪ್ಪ ಕಾರಿನ ಬಾಗಿಲುಗಳ ಒಳಗೆ ದಪ್ಪ ಕಂಬಳಿ ಬಟ್ಟೆ ಅಂಟಿಸಿದ್ದು ನೆನಪಿದೆಯೇ? ನೀನೂ ಗೋಂದು ಹಚ್ಚಿ ಕೂದಲಿಗೆಲ್ಲ ಮೆತ್ತಿಕೊಂಡಿದ್ದೆ. ಆಮೇಲೆ ಆ ಬಾಗಿಲು ತಗಡಿನಂತೆ ಬಡಿದುಕೊಳ್ಳುತ್ತಿರಲಿಲ್ಲ, ಬಟ್ಟೆ ತುಂಬಿದ ಮರದ ಕಪಾಟು ಮುಚ್ಚಿದ ಹಾಗೆ 'ದುಬ್' ಎನ್ನುತ್ತಿತ್ತು. ನಿನ್ನೆ ಅದೇ 'ದುಬ್' ಕೇಳಿತು. ಬಾಗಿಲಿಗೆ ಕಂಬಳಿ ಅಂಟಿಸಿದವರು ಲೋಕದಲ್ಲಿ ಇನ್ನೂ ಎಷ್ಟೋ ಜನ ಇರಬಹುದು ಎಂದುಕೊಂಡೆ, ಕಣ್ಣು ತೆರೆಯಲಿಲ್ಲ. ಆಮೇಲೆ ಕೀಲಿ ತಿರುಗಿತು. ಟಿಕ್. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಮತ್ತೆ ಟಿಕ್. ಆಮೇಲೆ ಮೆತ್ತಗೆ ರೇಡಿಯೊ ಎದ್ದಿತು.

ಆ ಎರಡು ಟಿಕ್ ಯಾವ ಕಂಪನಿಯದೂ ಅಲ್ಲ, ನನ್ನದು. ಕೀಲಿ ತಿರುಗಿಸಿದೊಡನೆ ಸ್ಪೀಕರು 'ಧಡ್' ಎಂದರೆ ಅಪ್ಪ ಬೆಚ್ಚಿ ಎದೆ ಹಿಡಿದುಕೊಳ್ಳುತ್ತಿದ್ದರು. ಅದಕ್ಕೇ ನಾನು ಒಂದು ಪುಟ್ಟ ಡಬ್ಬಿ ಕಟ್ಟಿ ಡ್ಯಾಶ್‌ಬೋರ್ಡಿನ ಕೆಳಗೆ ಕೂರಿಸಿದೆ. ಮೊದಲ ಟಿಕ್‌ಗೆ ಆಂಪ್ಲಿಫೈಯರು ಏಳುತ್ತದೆ, ಅದು ಮೈಮುರಿದು ಸಮಾಧಾನವಾದ ಮೇಲೆ ಎರಡನೇ ಟಿಕ್‌ಗೆ ಸ್ಪೀಕರು ಸೇರಿಕೊಳ್ಳುತ್ತದೆ, ಧಡ್ ಎಂಬುದು ಇಲ್ಲವೇ ಇಲ್ಲ. ಎರಡರ ನಡುವೆ ಅಪ್ಪ ಪ್ರತಿಸಲವೂ ಒಂದು ಉಸಿರು ಎಳೆದುಕೊಂಡು ನನ್ನ ಮುಖ ನೋಡುತ್ತಿದ್ದರು. ಅಂಥದ್ದನ್ನು ನಾನು ಇನ್ನೊಂದು ಕಟ್ಟಲಿಲ್ಲ. ಕಟ್ಟುವ ಧೈರ್ಯವನ್ನು ನೀನು ಉಳಿಸಲಿಲ್ಲ.

ಕಾನೂನು ಮುರಿದು ಸದ್ದಿನ ನಡುವೆಯೇ ಎದ್ದು ನಿಂತೆ. ಈ ಕಾರು ನಿಮಗೆ ಎಲ್ಲಿಂದ ಬಂತು ಎಂದು ಕೇಳಿದೆ. ಡಾಕ್ಟರು ಪಾಪ, ನಾನು ಸಂತೋಷದಿಂದ ಎದ್ದೆ ಎಂದುಕೊಂಡು ಹಿಗ್ಗಿ ಹೇಳಿದರು. ತಾನು ಮೊದಲಿದ್ದ ಊರಿನಲ್ಲಿ ಒಬ್ಬ ಹುಡುಗ ತಂದು ಮಾರಿದನಂತೆ. ಕೆನ್ನೆಯಲ್ಲಿ ಗುಳಿ ಬೀಳುವ ಹುಡುಗ, ಮಾತು ಬಹಳ ಚೆನ್ನಾಗಿ ಆಡುತ್ತಿದ್ದನಂತೆ. ವೈರಿಂಗ್ ಹೇಗಿದೆಯಪ್ಪಾ ಎಂದು ಕೇಳಿದ್ದಕ್ಕೆ, 'ನಮ್ಮಕ್ಕ ಮಾಡಿದ್ದು ಸಾರ್, ಕಣ್ಮುಚ್ಕೊಂಡು ತಗೊಳ್ಳಿ' ಎಂದನಂತೆ. ಇವತ್ತಿನವರೆಗೆ ಒಂದು ಫ್ಯೂಸು ಕೂಡ ಹೋಗಿಲ್ಲ, ಅಷ್ಟೊಂದು ಕಾರು ಬಂದು ಹೋದರೂ ಇದೊಂದನ್ನು ಮಾತ್ರ ಕೊಡಲು ಮನಸ್ಸಾಗಲಿಲ್ಲ, ಮನೆಯ ಹಿಂದೆ ನಿಲ್ಲಿಸಿದ್ದೇನೆ ಎಂದರು. ನಾನು ಅಲ್ಲೇ ಮೆಟ್ಟಿಲಿಳಿದು ಬಂದುಬಿಟ್ಟೆ. ಚಪ್ಪಲಿ ಹಾಕಿಕೊಂಡದ್ದೂ ನೆನಪಿಲ್ಲ.

ಈಗ ನೀನು ಆವತ್ತು ಮನೆಯಲ್ಲಿ ಹೇಳಿದ್ದನ್ನು ನೆನಪಿಸಿಕೋ. ಅಪ್ಪ ಹಾಸಿಗೆ ಹಿಡಿದಿದ್ದರು. ಆಸ್ಪತ್ರೆಗೆ ಓಡಾಡಲು ಅನುಕೂಲವಾಗಲಿ ಎಂದು ಕಾರನ್ನು ನಿನ್ನ ಹೆಸರಿಗೆ ಮಾಡಿಸಿದ್ದರು. ಸರ್ವೀಸಿಗೆ ಬಿಟ್ಟು ಬರುತ್ತೇನೆಂದು ಹೋದವನು ಸಂಜೆ ಖಾಲಿ ಕೈಯಲ್ಲಿ ಬಂದು ಅಪ್ಪನ ಮಂಚದ ಪಕ್ಕ ಕೂತೆ. 'ದಾರೀಲಿ ಹತ್ಕೊಂಡ್ಬಿಡ್ತು. ಅಕ್ಕನ ವೈರಿಂಗು. ಹೊಗೆ ಬಂತು, ಇಳ್ದೆ, ನನ್ ಜೀವ ಉಳಿದದ್ದೇ ಹೆಚ್ಚು' ಎಂದೆ. ಉಳಿದ ತಗಡನ್ನು ಗುಜರಿಯವರು ಎತ್ತಿಕೊಂಡು ಹೋದರು ಎಂದೆ. ನಾನು ಬಾಗಿಲಿನಲ್ಲಿ ನಿಂತಿದ್ದೆ. ನನಗೆ ಕಾರಿನ ಚಿಂತೆ ಬರಲಿಲ್ಲ, ನಿನ್ನನ್ನು ಕೊಂದೇಬಿಡುತ್ತಿದ್ದೆನಲ್ಲ ಎನ್ನಿಸಿತು. ಓಡಿಬಂದು ನಿನ್ನ ಕೈಮೈ ಸವರಿ ಎಲ್ಲಾದರೂ ಸುಟ್ಟಿದೆಯೇ ಎಂದು ನೋಡಿದೆ. ನೀನು ಸುಮ್ಮನೆ ಕೈ ಕೊಟ್ಟುಕೊಂಡು ಕೂತಿದ್ದೆ. ಅದನ್ನು ಈಗ ನೆನೆಸಿಕೊಂಡರೆ ನಿನ್ನ ಕೆನ್ನೆಗೆ ಬಾರಿಸಬೇಕು ಎನ್ನಿಸುತ್ತದೆ.

ಅಪ್ಪ ನನಗೆ ಬೈಯಲಿಲ್ಲ. 'ನಿನ್ನ ಕೈಯದೇನೂ ತಪ್ಪಿಲ್ಲ ಬಿಡೇ' ಎಂದರು. ಸಾಯುವ ಮನುಷ್ಯನ ದೊಡ್ಡತನ ಎಂದುಕೊಂಡೆ. ಕಾರಿನಲ್ಲಿ ಒಂದು ಸಲ ಕೂತು ರೇಡಿಯೊ ಕೇಳಬೇಕು ಎಂದು ಅದರ ಹಿಂದಿನ ವಾರವಷ್ಟೇ ಕೇಳಿದ್ದರು, ಆಮೇಲೆ ಮತ್ತೆ ಕೇಳಲೇ ಇಲ್ಲ. ಅವರು ಹೋದ ಮೇಲೆ ನಾನು ನನ್ನ ರಿಪೇರಿ ಅಂಗಡಿಯ ಬೋರ್ಡಿನಲ್ಲಿ 'ರೇಡಿಯೊ, ಸ್ಪೀಕರು' ಪಕ್ಕದಲ್ಲಿದ್ದ 'ಕಾರು' ಎಂಬ ಪದದ ಮೇಲೆ ಬಣ್ಣ ಬಳಿದೆ. ಯಾರಾದರೂ ಕಾರು ತಂದು ನಿಲ್ಲಿಸಿದರೆ ಎದುರು ರಸ್ತೆಯವನ ಹತ್ತಿರ ಕಳಿಸುತ್ತೇನೆ, ಅವನ ಕೆಲಸ ಕಂಡರೆ ನನಗೆ ಅಳು ಬರುತ್ತದೆ. ಮನೆಯ ಸ್ಪೀಕರು ರಿಪೇರಿ ಮಾಡಿದರೂ ಬೆಸುಗೆಯನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತೇನೆ, ಗಿರಾಕಿಗಳು ನಗುತ್ತಾರೆ. ಇದೆಲ್ಲ ನಿನಗೆ ಗೊತ್ತು, ನೀನು ಕಣ್ಣಾರೆ ನೋಡಿದ್ದೀಯ.

ನೋಡಿದ್ದು ಮಾತ್ರವಲ್ಲ, ಅದನ್ನು ತಮಾಷೆ ಮಾಡಿಕೊಂಡೆ. 'ಅಕ್ಕ ಬರ್ತಾಳೆ, ಫ್ಯೂಸ್ ತೆಗೆದಿಡಿ.' ನಿನ್ನ ಮದುವೆಯ ದಿನ ಮೈಕಿನವನ ಎದುರು ಹೇಳಿದೆ, ಬೀಗರೆಲ್ಲ ನಕ್ಕರು. ಹೋದ ಸಲ ನಿನ್ನ ಮಗಳು, ಆ ಬೊಚ್ಚು ಬಾಯಿಯ ಕೂಸು, ನಾನು ಅವಳ ಬೊಂಬೆಗೆ ಬ್ಯಾಟರಿ ಹಾಕಲು ಹೋದರೆ 'ಅತ್ತೆ ಮುಟ್ಟಿದ್ರೆ ಹೊಗೆ ಬರತ್ತೆ' ಎಂದು ಕಿತ್ತುಕೊಂಡಳು. ನಾನೂ ನಕ್ಕೆ. ನಿನಗೆ ಒಂದು ಚೂರೂ ಚುರುಕ್ಕೆನ್ನಲಿಲ್ಲವೇನೋ? ಮಾರಬೇಕಿತ್ತು, ಮಾರಿದೆ. ನಿನಗೆ ಊರು ಬಿಟ್ಟು ಸ್ನೇಹಿತನ ಜೊತೆ ಸೇರಿಕೊಳ್ಳುವ ಆತುರವಿತ್ತು, ಕೇಳಿದ್ದರೆ ಅಪ್ಪನೇ ಕೀಲಿ ಕೈಗೆ ಕೊಡುತ್ತಿದ್ದರು. ಸುಳ್ಳು ಹೇಳಬೇಕಿತ್ತು, ಕಳ್ಳರು ಕದ್ದರು ಎನ್ನಬಹುದಿತ್ತು, ಮರಕ್ಕೆ ಗುದ್ದಿದೆ ಎನ್ನಬಹುದಿತ್ತು. ಇಡೀ ಪ್ರಪಂಚದಲ್ಲಿ ನಿನಗೆ ಸಿಕ್ಕಿದ್ದು ನನ್ನ ಕೈಯೊಂದೇ. ಅದೂ ಬೆಳಿಗ್ಗೆ ಅದೇ ಕೈಯನ್ನು ಹೊಗಳಿ ಮಾರಿ, ಸಂಜೆ ಅದೇ ಕೈಯ ಮೇಲೆ ಬೆಂಕಿ ಹೊರಿಸಿದೆ. ಸದ್ದು ಕೇಳಿಯೇ ಬದುಕುವವಳ ಕಿವಿಯ ಮೇಲೆ ಇಷ್ಟು ವರ್ಷ ಹೂವಿಟ್ಟೆಯಲ್ಲ, ಭೇಷ್.

ನಿನಗೆ ಜಡೆ ಹಾಕಿ ಆಡಿಸಿದವಳು ನಾನು. ನಿನ್ನ ಲೆಕ್ಕದ ಮೇಷ್ಟ್ರ ಹತ್ತಿರ ನಿನಗಾಗಿ ಸುಳ್ಳು ಹೇಳಿದವಳು ನಾನು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ನನಗೂ ನೀನು ಹಾಗೇ ಮುದ್ದಾಗಿದ್ದೆ. ಆದ್ದರಿಂದ ಬೇರೇನೂ ಕೇಳುವುದಿಲ್ಲ. ಬರುವ ಭಾನುವಾರ ಬಾ. ಅಮ್ಮನ ಎದುರು ಕೂತು, ಬೆಂಕಿ ಬೀಳಲಿಲ್ಲ, ಅಕ್ಕನ ಕೈ ಸುಡಲಿಲ್ಲ ಎಂದು ನಿನ್ನ ಬಾಯಿಂದಲೇ ಹೇಳು. ಅಪ್ಪನಿಗೆ ಹೇಳುವ ಹೊತ್ತು ಮೀರಿತು, ಅವರು ನನ್ನನ್ನು ಕ್ಷಮಿಸಿಕೊಂಡೇ ಹೋದರು. ಅಮ್ಮನಿಗಾದರೂ ತಿಳಿಯಲಿ. ನಾನಾಗಿ ಅವಳಿಗೆ ಹೇಳುವುದಿಲ್ಲ, ಹೇಳಿದರೆ ಚಾಡಿಯಾಗುತ್ತದೆ. ಮುದುಕಿಗೆ ಎದೆ ಒಡೆದೀತು ಎಂಬ ಭಯವೂ ಇದೆ.

ನಿನ್ನ ಹೆಂಡತಿಗೆ ನೆನಪು ಹೇಳು, ಅವಳದೇನೂ ತಪ್ಪಿಲ್ಲ. ಮಗುವಿಗೆ ನನ್ನ ಮುತ್ತು, ಹೊಸ ಹಲ್ಲು ಗಟ್ಟಿಯಾಗಿ ಬರಲಿ. ನಿನಗೂ ಒಳ್ಳೆಯದಾಗಲಿ. ಅಭ್ಯಾಸದಿಂದ ಬಂದ ಮಾತು, ಬರೆದುಬಿಟ್ಟೆ, ಇರಲಿ.

ನಿನ್ನ
ಅಕ್ಕ

ಮತ್ತೆ ಸೇರಿಸಿದ್ದು: ಕಾಗದ ಮಡಿಚಿಟ್ಟು ಊಟಕ್ಕೆ ಏಳುವಷ್ಟರಲ್ಲಿ ಹಲ್ಲಿನ ಡಾಕ್ಟರು ಬಂದರು. ಔಷಧಿ ಅಂಗಡಿಯವರು ಈ ಊರಿನವರಲ್ಲವೇ, ಅಪ್ಪನ ಕಾರು ಸುಟ್ಟ ಕತೆಯನ್ನು ಅವರಿಗೆ ಹೇಳಿದ್ದರಂತೆ. ಆ ಕಾರನ್ನೇ ಓಡಿಸಿಕೊಂಡು ಬಂದು ಅಂಗಡಿಯ ಮುಂದೆ ನಿಲ್ಲಿಸಿ, ಇಳಿದು ಬಾಗಿಲು ಹಾಕಿದರು. ದುಬ್. ಒಳಗೆ ಅಮ್ಮ ಬಟ್ಟೆ ಮಡಿಸುತ್ತಿದ್ದಳು. ಅವಳು ಬೆಚ್ಚಲಿಲ್ಲ, ಎದ್ದೂ ಬರಲಿಲ್ಲ. ಕೂತಲ್ಲಿಂದಲೇ 'ಬಂತಾ? ಇಷ್ಟು ದಿನ ಯಾರ ಹತ್ರ ಇತ್ತಂತೆ?' ಎಂದಳು. ನಿನಗೆ ಹೇಗೆ ಗೊತ್ತು ಎಂದು ಕೇಳಿದೆ. ಆವತ್ತು ರಾತ್ರಿಯೇ ಅಪ್ಪ ಅವಳಿಗೆ ಹೇಳಿದ್ದರಂತೆ: 'ಉರಿಯೋ ಕಾರಿಂದ ಇಳಿದು ಬಂದವನ ಅಂಗೀಲಿ ಹೊಗೆ ವಾಸನೆನೇ ಇಲ್ಲ ಕಣೇ. ಮಾರ್ಕೊಂಡಿದಾನೆ. ಕೇಳ್ಬೇಡ, ಕೇಳಿದ್ರೆ ಅವನು ಮನೇನೇ ಬಿಟ್ಟು ಹೋಗ್ತಾನೆ. ಅವಳಾದ್ರೆ ತಡ್ಕೋತಾಳೆ.' ಹಾಗೆ ಇಬ್ಬರೂ ಸೇರಿ ತೀರ್ಮಾನ ಮಾಡಿ ನನಗೆ ತಡೆದುಕೊಳ್ಳಲು ಬಿಟ್ಟರು. ಅಮ್ಮ ಇದನ್ನು ಹೇಳುತ್ತಾ ನಿನ್ನ ಹಳೆಯ ಅಂಗಿಯೊಂದನ್ನು ಸುಕ್ಕಿಲ್ಲದ ಹಾಗೆ ಮಡಿಸಿದಳು. ನನ್ನ ಮುಖ ನೋಡಲಿಲ್ಲ. ಆದ್ದರಿಂದ ಮೇಲೆ ಬರೆದದ್ದನ್ನು ಹೊಡೆದುಹಾಕಿಕೋ. ಅಮ್ಮನಿಗೆ ಹೇಳಲು ಬರಬೇಡ, ಈ ಮನೆಯಲ್ಲಿ ಗೊತ್ತಿಲ್ಲದೆ ಇದ್ದವಳು ನಾನೊಬ್ಬಳೇ. ನನಗೆ ಹೇಳಲು ಬಾ.