ವರನ ಕಾಲಿಗೆ ಎರಡು ಕಾಗದ

ಲಿಯುಗೋ ಹಳ್ಳಿ, ಶಾನ್‌ಶಿ
ಗಣರಾಜ್ಯದ ಹದಿಮೂರನೆಯ ವರ್ಷ, ಒಂಬತ್ತನೆಯ ತಿಂಗಳು

ಪ್ರೀತಿಯ ಅಕ್ಕನಿಗೆ ತಂಗಿಯ ನಮಸ್ಕಾರ.

ಇಲ್ಲಿ ಎಲ್ಲರೂ ಆರಾಮ. ಭಾವ, ಮಗು ಹೇಗಿದ್ದಾರೆ? ಇದನ್ನು ನೀನೊಬ್ಬಳೇ ಓದು. ಅಮ್ಮನಿಗೆ ತಿಳಿದರೆ ನನ್ನ ಕಥೆ ಮುಗಿಯಿತು.

ವರನ ಮನೆಯಿಂದ ಪಾದದ ಆಕಾರಕ್ಕೆ ಕತ್ತರಿಸಿದ ಅಳತೆಯ ಕಾಗದಗಳು ಬಂದವು. ಮದುವೆಗೆ ಮುಂಚೆ ಅವರಿಗೆಲ್ಲ ನಾನೇ ಕಾಲಿಗೆ ಹಾಕುವ ಬಟ್ಟೆಯ ಜೋಡು ಹೊಲಿದು ಕಳಿಸಬೇಕಲ್ಲ. ಮಾವನ ಪಾದ ಬಾತುಕೋಳಿಯ ಕಾಲಿನಂತೆ ಅಗಲ. ಅತ್ತೆಯದು ನಿನ್ನದರ ಹಾಗೆ ಬಟ್ಟೆ ಕಟ್ಟಿ ಕುಗ್ಗಿಸಿದ ಪುಟ್ಟ ಪಾದ. ಮುಖ ಕಾಣದವರ ಕಾಲು ನೋಡುವುದು ಎಂಥ ಮೋಜು ಅಂತೀಯ! ಆದರೆ ವರನಿಗೆ ಎರಡು ಕಾಗದ ಬಂದಿದ್ದವು. ನಾವು ಹೊಲಿಯುವ ಜೋಡುಗಳಲ್ಲಿ ಎಡ ಬಲ ಎಂಬುದೇ ಇಲ್ಲ, ಒಂದೇ ಕಾಗದ ಇಟ್ಟು ಎರಡೂ ಅಟ್ಟೆ ಕತ್ತರಿಸುತ್ತೇವೆ. ಅದೂ ಇವೆರಡರಲ್ಲಿ ಒಂದು ಇನ್ನೊಂದಕ್ಕಿಂತ ಚಿಕ್ಕದು.

ಸಂಬಂಧ ಕುದುರಿಸಿದ ಫೆಂಗ್ ಚಿಕ್ಕಮ್ಮನನ್ನು ಕೇಳಿದೆ. ಯಾವುದೋ ಹಳೆಯದು ಸೇರಿಕೊಂಡಿರಬೇಕು, ದೊಡ್ಡದನ್ನೇ ನೋಡಿ ಹೊಲಿ ಎಂದಳು. ಬಾಯಲ್ಲಿ ಬೆಲ್ಲ, ಕಣ್ಣು ಮಾತ್ರ ಬಾಗಿಲ ಕಡೆ. ನನ್ನ ಕುತೂಹಲ ನಿನಗೆ ಗೊತ್ತಲ್ಲ. ವರನ ಊರಿಗೂ ಹೋಗಿಬರುವ ದಾರ ಮಾರುವ ಮುದುಕ ಬಂದಾಗ, ನೂಲು ಆರಿಸುವ ನೆಪದಲ್ಲಿ ವಿಚಾರಿಸಿದೆ.

“ವಿನೆಗರ್ ಮಾಡೋರ ಹುಡುಗ ತಾನೆ? ಚಿಕ್ಕೋನಿದ್ದಾಗ ಜ್ವರ ಬಂದು ಎಡಗಾಲು ಸೊರಗೋಯ್ತಮ್ಮ. ಕುಂಟ್ಕೊಂಡೇ ಊರೆಲ್ಲ ಸುತ್ತಿ ನಗಿಸ್ತಾನೆ. ಆ ಕಾಗದ ಕತ್ತರಿಸಿ, ಗಂಟಿನ ಬಾಯಿ ಹೊಲಿದು ಕಳಿಸಿದ್ದು ಅವರಮ್ಮನೇ, ನಾನೇ ಕಂಡೆ” ಎಂದ.

ನೊಂದುಕೊಂಡೆ ಅಕ್ಕ, ಸುಳ್ಳು ಹೇಳಲಾರೆ. ಆಮೇಲೆ ಹೊಳೆಯಿತು: ಮುಚ್ಚಿಡಬೇಕಿದ್ದರೆ ಅತ್ತೆಗೆ ಒಂದೇ ಕಾಗದ ಸಾಕಿತ್ತು. ಮುಚ್ಚಿಡಲು ನೋಡಿದ ಚಿಕ್ಕಮ್ಮನ ಕೈಯಲ್ಲೇ, ಹೊಲಿದ ಗಂಟಿನೊಳಗೆ ನಿಜ ಕಳಿಸಿದ್ದಾರೆ. ನಮ್ಮ ಮನೆಯಿಂದ ಹೋದದ್ದೇನು? ಹುಡುಗಿಯ ಕಾಲಿನ ಮಾದರಿ ಎಂದು ನಿನ್ನ ಹಳೆಯ ಜೋಡು! ಕಾಲು ಕಟ್ಟಿಸಿಕೊಂಡು ನೀನು ಅತ್ತದ್ದನ್ನು ನೋಡಲಾರದೆ ಅಪ್ಪ ನನ್ನ ಕಾಲು ಮುಟ್ಟಗೊಡಲಿಲ್ಲ. ಈಗ ಅದೇ ಮನೆಯ ಗುಟ್ಟು. “ಮದುವೆಯಾಗೋ ತನಕ ಲಂಗದೊಳಗೆ ಕಾಲಿಟ್ಕೊಂಡಿರು, ಆಮೇಲೆ ಅವರೇನ್ ಮಾಡ್ತಾರೆ” ಎನ್ನುತ್ತಾಳೆ ಅಮ್ಮ.

ನನ್ನಿಂದ ಆಗಲಿಲ್ಲ. ವರನ ಎಡಗಾಲಿಗೆ ದಪ್ಪ ಅಟ್ಟೆ ಹಾಕಿ, ಎಲ್ಲರ ಜೋಡೂ ಮುಗಿಸಿ, ನನ್ನ ಪಾದದ ಅಳತೆಯ ಕಾಗದವನ್ನು ಅತ್ತೆಯ ಜೋಡಿನಲ್ಲಿ ತುರುಕಿ ಮುದುಕನ ಕೈಲಿ ಕಳಿಸಿಬಿಟ್ಟೆ. ಸಂಬಂಧ ಮುರಿದರೆ ಅಮ್ಮ ನನ್ನನ್ನು ಬಿಡುವುದಿಲ್ಲ. ಆದರೂ ಆ ನಗಿಸುವವನನ್ನು ನೋಡುವ ಆಸೆ ಈಗಲೇ ಹೆಚ್ಚಾಗಿದೆ.

ಇಂತಿ ನಿನ್ನ ದೊಡ್ಡ ಕಾಲಿನ ತಂಗಿ,
ಚಿಯಾವ್‌ಯುನ್

ಮತ್ತೆ: ಈ ಪತ್ರ ಮಡಿಸುವಷ್ಟರಲ್ಲಿ ಮುದುಕ ಬಂದ, ನನ್ನ ಅಳತೆಯನ್ನೇ ವಾಪಸು ತಂದ. ಸಂಬಂಧ ಮುರಿಯಿತು ಎಂದುಕೊಂಡೆ. ಬಿಡಿಸಿ ನೋಡಿದರೆ ಅದನ್ನು ಬೇರೊಂದು ಕಾಗದಕ್ಕೆ ಅಂಟಿಸಿ, ಸುತ್ತ ಬೆರಳಗಲ ಬಿಟ್ಟು ಗೆರೆ ಎಳೆದಿದ್ದಾರೆ. ನನಗೆ ಹೊಲಿಯುವ ಚಳಿಗಾಲದ ಜೋಡಿನೊಳಗೆ ಹತ್ತಿ ತುಂಬಲು ಅಷ್ಟು ಜಾಗ ಸಾಕೇ ಎಂದು ಅತ್ತೆ ಕೇಳಿ ಕಳಿಸಿದ್ದಾರೆ, ಅಕ್ಕ.