ಮೂರನೇ ನಂಬರಿನ ಖಾಲಿ ಸಾಲು

೪ ಆಗಸ್ಟ್ ೨೦೦೮, ಸೋಮವಾರ

ಸಮಸ್ತ ಪ್ರಜಾಕೋಟಿಯ ಅವಗಾಹನೆಗೆ: ಇಂದು ಮುಂಜಾನೆ ಎಂಟು ಗಂಟೆ ಹತ್ತು ನಿಮಿಷಕ್ಕೆ ನನ್ನ ಹಲ್ಲಿನ ಬ್ರಶ್ಶನ್ನು ಸಕಲ ಗೌರವಗಳೊಂದಿಗೆ ಸೇವೆಯಿಂದ ನಿವೃತ್ತಿಗೊಳಿಸಲಾಯಿತು. ಬೂಟ್ ಪಾಲಿಶ್ ಇಲಾಖೆಗೆ ವರ್ಗ. ನನ್ನ ನಿವೃತ್ತಿಗೆ ಇನ್ನೂ ಮೂರು ತಿಂಗಳು. ನನ್ನನ್ನು ಯಾವ ಇಲಾಖೆಯೂ ಕೇಳುತ್ತಿಲ್ಲ.

ಸಂಜೆ ಆಫೀಸಿನಿಂದ ನೇರ ಮಾಂತುನ ಸೈಬರ್ ಕೆಫೆ. ಪುಣೆಯ ಈ ಹಡಪಸರದಲ್ಲಿ ಕನ್ನಡ ಟೈಪ್ ಮಾಡಲು ನನಗೆ ಗೊತ್ತಿರುವ ಒಂದೇ ಜಾಗ. ಫಾಂಟ್ ಹಾಕಿಸಿದವನೂ ನಾನೇ. ಹುಬ್ಬಳ್ಳಿ ಪತ್ರಿಕೆಗೆ ಈ ವಾರದ ಅಂಕಣ — 'ಸೊಳ್ಳೆ ಸೈನ್ಯದ ರಣತಂತ್ರ'. ಗುಪ್ತನಾಮದಲ್ಲಿ. ಸರ್ಕಾರಿ ಗುಮಾಸ್ತ ಪರವಾನಗಿ ಇಲ್ಲದೆ ಬರೆಯುವಂತಿಲ್ಲ.

ಬೇರೆ ಊರುಗಳಲ್ಲಿ ಬಾಂಬ್ ಸಿಡಿದ ಮೇಲೆ ಪೊಲೀಸರ ಹುಕುಂ: ಯಾರೇ ಕೂತರೂ ರಿಜಿಸ್ಟರಿನಲ್ಲಿ ಹೆಸರು, ವೇಳೆ, ಐಡಿ ನಂಬರು. ಮಾಂತು ಪುಸ್ತಕ ಚಾಚಿದ.

"ಕಾಕಾ, ಒಂದ್ ಸಹಿ ಹಾಕ್ರಲಾ."

"ನಿನ್ನ ತೊಟ್ಟಲದಾಗ ನೋಡೀನೋ. ನನ್ನ ಐಡಿ ಕೇಳ್ತಿ?"

"ನಾ ಕೇಳೂದಿಲ್ರಿ, ಹವಾಲ್ದಾರ ಕೇಳ್ತಾನ."

"ಅವಂಗ ಹೇಳು, ಕಾಕಾನಿಂದ ದೇಶಕ್ಕ ಅಪಾಯ ಇಲ್ಲ, ಬರೇ ಓದುಗರಿಗೆ."

ನಕ್ಕ. ಬಿಟ್ಟ. ಮೂವತ್ತು ದಾಟಿದರೂ ಹಿರಿಯರಿಗೆ ಎದುರಾಡದವನು. ಮೂರನೇ ನಂಬರಿನ ಕಂಪ್ಯೂಟರಿನಲ್ಲಿ ಕೂತೆ. ಬರೆದೆ, ಕಳಿಸಿದೆ, ಎದ್ದೆ.

೬ ಆಗಸ್ಟ್, ಬುಧವಾರ

ಅಂಕಣದ ಫೈಲನ್ನು ಕೆಫೆಯ ಕಂಪ್ಯೂಟರಿನಲ್ಲೇ ಬಿಟ್ಟು ಬಂದಿದ್ದೆ. ನಿನ್ನೆ ತಪಾಸಣೆ. ಪೊಲೀಸರು ಅದನ್ನು ಪೆನ್ ಡ್ರೈವಿನಲ್ಲಿ ಚೌಕಿಗೆ ಒಯ್ದರಂತೆ. ಅಲ್ಲಿಯ ಕಂಪ್ಯೂಟರಿಗೆ ಕನ್ನಡ ಫಾಂಟ್ ಇಲ್ಲ. ತೆರೆದರೆ ಪರದೆ ತುಂಬ ಕೊಂಬು-ಬಾಲದ ಇಂಗ್ಲಿಷ್ ಅಕ್ಷರ, ಪೌಂಡಿನ ಚಿಹ್ನೆ, ಪ್ರಶ್ನಾರ್ಥಕ. ಸಾಹೇಬರ ತೀರ್ಮಾನ — ಕೋಡ್. ಎನ್‌ಕ್ರಿಪ್ಶನ್. ಉಗ್ರರ ಸಂದೇಶ.

ಇಪ್ಪತ್ತು ವರ್ಷ ಬರೆದೆ. ನನ್ನ ಬರಹದಲ್ಲಿ ಗೂಢಾರ್ಥವಿದೆ ಎಂದು ಕಂಡುಕೊಂಡ ಮೊದಲ ವಿಮರ್ಶಕರು ಇವರೇ.

"ಕನ್ನಡ ಅದ ಅಂತ ಹೇಳಲಿಲ್ಲೇನೋ?" ಮಾಂತುನನ್ನು ಕೇಳಿದೆ.

"ಹೇಳಿದೆರಿ. ಹಂಗಾರ ಬರದವನ ಹೆಸರು ಹೇಳು ಅಂದ್ರು. ರಿಜಿಸ್ಟರಿನ್ಯಾಗ ಆ ಸಾಲು ಖಾಲಿ."

"ಏನಂದಿ?"

"ನೆನಪಿಲ್ಲ ಅಂದೆ. ನಿಮ್ಮ ನೌಕರಿ ಅದ ಅಲ್ರಿ, ಕಾಕಾ."

ನಾಳೆ ಹೋಗಿ ಹೇಳಿಬಿಡುತ್ತೇನೆ.

೭ ಆಗಸ್ಟ್

ಹೋಗಲಿಲ್ಲ. ಆಫೀಸಿನಲ್ಲಿ ಕೆಲಸ ಭಾಳ ಇತ್ತು.

ಇರಲಿಲ್ಲ.

ಅಂಕಣವನ್ನು ಮನಸ್ಸಿನಲ್ಲೇ ಮರಾಠಿಗೆ ತಿರುವಿ ನೋಡಿದೆ. 'ಏಳು ಗಂಟೆಗೆ ದಾಳಿ. ದಪ್ಪ ಗುರಿಯನ್ನೇ ಆರಿಸಿ. ರಕ್ತ ಸಿಕ್ಕ ಕೂಡಲೇ ಚದುರಿ.' ಇಷ್ಟು ಹೇಳಿದ ಮೇಲೆ 'ಸೊಳ್ಳೆ, ಸಾಹೇಬ್' ಅಂದರೆ ಚೌಕಿಯಲ್ಲಿ ಯಾರು ನಗುತ್ತಾರೆ? ನಕ್ಕರೂ ಕಾಗದ ನಮ್ಮ ಆಫೀಸಿಗೆ ಹೋಗುತ್ತದೆ. ಪೆನ್ಶನ್...

೯ ಆಗಸ್ಟ್, ಶನಿವಾರ. ಮಧ್ಯಾಹ್ನ

ಕೆಫೆಗೆ ಬೀಗ. ಮಾಂತು ಬೆಳಿಗ್ಗೆಯಿಂದ ಚೌಕಿಯಲ್ಲಿ. ಸಂಜೆಯೊಳಗೆ ಹೆಸರು ಹೇಳದಿದ್ದರೆ ಅಂಗಡಿಯ ಲೈಸೆನ್ಸ್ ರದ್ದು, ಅವನ ಮೇಲೇ ಕೇಸು.

ಅವನ ತಾಯಿ ನಾಗವ್ವ ಬಂದಿದ್ದಳು. ನಾನು ಊಟಕ್ಕೆ ಕೂತಿದ್ದೆ. ಹೆಂಡತಿ ತ್ರಿವೇಣಿ ಬಡಿಸುತ್ತಿದ್ದಳು.

"ಅಣ್ಣಾ, ಯಾರದೋ ಬರಹಕ್ಕ ನನ್ನ ಮಗನ್ನ ಕುಂಡ್ರಿಸ್ಯಾರಂತ. ನೀವು ಶಾಣ್ಯಾರು. ಯಾರಿರಬಹುದ್ರಿ?"

"ಯಾರಿಗ್ ಗೊತ್ತವ್ವಾ," ಅಂದೆ.

ಅಂದೆ. ಬಾಯಲ್ಲಿ ತುತ್ತಿಟ್ಟುಕೊಂಡೇ.

"ಏನೋ, ನೀವ್ ಅದೀರಿ ಅಂತ ಧೈರ್ಯರಿ," ಅಂದು ಹೋದಳು. ತ್ರಿವೇಣಿ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ನಡೆದಳು.

ಅದೇ ದಿನ, ೩.೪೦

ಚಪ್ಪಲಿ ಮೆಟ್ಟಿಕೊಂಡೇ ಬರೆಯುತ್ತಿದ್ದೇನೆ. ಚೌಕಿಗೆ ಹೊರಟೆ. ಹಾಸ್ಯ ಒಂದೂ ಹೊಳೆಯುತ್ತಿಲ್ಲ.

ತ್ರಿವೇಣಿ, ನೀ ಈ ಪುಸ್ತಕ ಕದ್ದು ಓದ್ತಿ ಅಂತ ಗೊತ್ತದ. ಇವತ್ತ ತೆರೆದಽ ಇಟ್ಟು ಹೋಗ್ತೀನಿ. ಒಂದು ಕೆಲಸ ಮಾಡು. ಎರಡು ರೊಟ್ಟಿ, ಒಂದಿಷ್ಟು ಪಲ್ಯ ಕಟ್ಟಿಕೊಂಡು ನಾಗವ್ವನ ಮನೀಗೆ ಹೋಗು. ಮುಂಜಾನಿಂದ ಏನೂ ತಿಂದಂಗ ಕಾಣಲಿಲ್ಲ ಅಕಿ. ಬರದವರು ಯಾರಂತ ಕೇಳಿದ್ರ ನೀ ಹೇಳಬ್ಯಾಡ. ಮಾಂತುನ್ನ ಬಿಡಿಸಿಕೊಂಡು ಬಂದು, ಅಕಿ ಮುಂದ ನಿಂತು ನಾನಽ ಹೇಳ್ತೀನಿ.