ಅಳತೆ ಅಂಗಿ

ಮಾರ್ಚ್ 4, ಮಂಗಳವಾರ

ಇವತ್ತು ಮೂರು ಅಂಗಿ ಕತ್ತರಿಸಿದೆ. ಮಾಮೂಲಿ ರೀತಿ — ಗಿರಾಕಿಯ ಹಳೆಯ ಅಂಗಿಯನ್ನು ಹೊಸ ಬಟ್ಟೆಯ ಮೇಲೆ ಹಾಸು, ಸುತ್ತ ಚಾಕ್ ಎಳೆ, ಹೊಲಿಗೆಗೆ ಅರ್ಧ ಇಂಚು ಬಿಡು, ಕತ್ತರಿಸು. ಇಪ್ಪತ್ತೆರಡು ವರ್ಷದಿಂದ ಹೀಗೇ. ಕುತ್ತಿಗೆಯಲ್ಲಿ ಟೇಪು ನೇತಾಡುವುದು ಶೋಭೆಗೆ. ಅಳತೆ ಅಂಗಿ ತರದೆ ಬಂದವರನ್ನು "ನಾಳೆ ತನ್ನಿ" ಎಂದು ವಾಪಸು ಕಳಿಸುತ್ತೇನೆ. ಭಾರೀ ಕಟ್ಟುನಿಟ್ಟಿನ ಹೆಂಗಸು ಎಂದುಕೊಂಡಿದ್ದಾರೆ ಪಾಪ.

ಸಂಜೆ ಕ್ಲಾಸು. ಅಕ್ಕನೇ ಆಸ್ಪತ್ರೆಗೆ ಹೋಗುವ ಮೊದಲು ಹಟ ಹಿಡಿದು ಸೇರಿಸಿದ್ದು. "ಇಷ್ಟು ವರ್ಷ ಕತ್ತರಿಸಿದೀಯ, ಒಂದ್ಸಲ ಕಲಿತೂ ನೋಡು" ಎಂದಳು. ಕಲಿಸುವವರು ನನಗಿಂತ ಹತ್ತು ವರ್ಷ ಚಿಕ್ಕವರು, ಕೈಯಲ್ಲಿ ಸದಾ ಸ್ಟೀಲ್ ಸ್ಕೇಲು. ಬೆನ್ನ ಹಿಂದೆ ಎಲ್ಲರ ಬಾಯಲ್ಲೂ ಅವರು ಸ್ಕೇಲ್ ಮೇಡಂ. ಇವತ್ತಿನ ಹೋಂವರ್ಕ್: "ಕಲಿಯೋವಾಗ ನೀವು ಯಾವುದರ ಥರ? ಒಂದು ಹೋಲಿಕೆ ಬರ್ಕೊಂಡು ಬನ್ನಿ. ಯಾಕೆ ಅಂತಾನೂ ಬರೀರಿ."

ಹೊಲಿಗೆ ಕ್ಲಾಸಿನಲ್ಲಿ ಪ್ರಬಂಧ. ನಗು ಬಂತು.

ಮಾರ್ಚ್ 7, ಶುಕ್ರವಾರ

ಹೋಲಿಕೆ ಹೊಳೆಯಲೇ ಇಲ್ಲ. ಕ್ಲಾಸಿಗೆ ಐದು ನಿಮಿಷ ಇದೆ ಎನ್ನುವಾಗ ಪಕ್ಕದ ಕನ್ನಡಕದ ಹುಡುಗಿಯ ನೋಟ್‌ಬುಕ್ಕಿನ ಮೇಲೆ ಕಣ್ಣು ಹಾಯಿಸಿದೆ. 'ನಾನು ಸ್ಪಂಜು, ಎಲ್ಲವನ್ನೂ ಹೀರಿಕೊಳ್ಳುತ್ತೇನೆ.' ಸರಿ, ನಾನು ಟವೆಲ್ಲಾದೆ. ಮೇಡಂ ಓದಿ ವಾಪಸು ಕೊಟ್ಟರು.

ಸೋಮವಾರದಿಂದ ಅಕ್ಕ ಮತ್ತೆ ಲೈಬ್ರರಿ ಕೆಲಸಕ್ಕೆ. ಆಪರೇಷನ್ ಆಗಿ, ಎಡ ಎದೆ ತೆಗೆದು ಹನ್ನೊಂದು ವಾರ. ಎರಡು ಹೊಸ ಅಂಗಿ ಬೇಕಂತೆ. "ಕೌಂಟರಲ್ಲಿ ನಿಂತಾಗ ಜನ ನನ್ನ ಮುಖ ನೋಡಿದ್ರೆ ಸಾಕು ಕಣೇ" ಎಂದಳು. ನಾಳೆಯೇ ಹೊಲಿದುಬಿಡಬೇಕು. ಅವಳ ಅಳತೆ ಅಂಗಿ ನನ್ನ ಬೀರುವಿನಲ್ಲೇ ಇದೆ, ನೀಲಿಯದು.

ಮಾರ್ಚ್ 9, ಭಾನುವಾರ

ಬರೆಯಲು ಕೈ ಏಳುತ್ತಿಲ್ಲ.

ನೀಲಿ ಅಂಗಿ ಹಾಸಿದೆ, ಚಾಕ್ ಎಳೆದೆ, ಕತ್ತರಿಸಿದೆ. ಎದೆಯ ಉಬ್ಬಿಗೆ ಎರಡೂ ಕಡೆ ಮಡಿಕೆ ಹಿಡಿದು ಹೊಲಿದೆ. ಎರಡೂ ಕಡೆ. ರೇಡಿಯೋ ಜೊತೆ ಗುನುಗುತ್ತಾ.

ಅಕ್ಕ ಕನ್ನಡಿಯ ಮುಂದೆ ಹಾಕಿಕೊಂಡಳು. ಎಡಗಡೆ ಬಟ್ಟೆ ಖಾಲಿ ಚೀಲದ ಹಾಗೆ ಜೋತುಬಿತ್ತು. ಅಂಗೈಯಿಂದ ಸವರಿ ಒತ್ತಿದಳು. ಕೈ ತೆಗೆದರೆ ಮತ್ತೆ ಅದೇ. ಇನ್ನೊಂದು ಅಂಗಿಯನ್ನು ಹಾಕಿ ನೋಡಲೇ ಇಲ್ಲ. ಶಾಲು ಹೊದ್ದಳು.

"ಚೆನ್ನಾಗಿದೆ. ತೋಳು ಸರಿಯಾಗಿ ಕೂತಿದೆ."

ಬೈದಿದ್ದರೆ ಹೊಟ್ಟೆ ತಣ್ಣಗಾಗುತ್ತಿತ್ತು. ನಾನೂ ತಲೆಯಾಡಿಸಿ, "ಹೌದಲ್ವಾ" ಎಂದೆ. ಹೌದಲ್ವಾ ಅಂತೆ. ಈ ಬಾಯಿಗೆ ಬೆಂಕಿ ಹಾಕ.

ಮಾರ್ಚ್ 11, ಮಂಗಳವಾರ

ನಿನ್ನೆ ಅಕ್ಕ ಕೆಲಸಕ್ಕೆ ಹೋಗಲಿಲ್ಲ. ಇನ್ನೊಂದು ವಾರ ರಜೆ ಹಾಕಿದಳು. ಸುಸ್ತಂತೆ. ಸುಸ್ತಲ್ಲ, ನನ್ನ ಅಂಗಿ. ಇಬ್ಬರಿಗೂ ಗೊತ್ತು.

ಕ್ಲಾಸಿನಲ್ಲಿ ಒಬ್ಬರ ಮೈ ಅಳತೆ ಇನ್ನೊಬ್ಬರು ತೆಗೆದು, ಅವರವರ ಅಂಗಿಯ ನಕ್ಷೆಯನ್ನು ಅವರವರೇ ಬ್ರೌನ್ ಪೇಪರಿನ ಮೇಲೆ ಬಿಡಿಸಬೇಕಿತ್ತು. ನನ್ನ ಪೇಪರಿನಲ್ಲಿ ಒಂದು ಗೆರೆಯೂ ಬೀಳಲಿಲ್ಲ. ಕನ್ನಡಕದ ಹುಡುಗಿ ನೀರು ಕುಡಿಯಲು ಎದ್ದಳು. ಅವಳ ನಕ್ಷೆಯನ್ನು ನನ್ನ ಪೇಪರಿನ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದುಬಿಟ್ಟೆ. ಕೈ ತಾನಾಗಿ ಓಡಿತು.

ಮೇಡಂ ಎರಡೂ ಪೇಪರ್ ಜೋಡಿಸಿ ಕಿಟಕಿಯ ಬೆಳಕಿಗೆ ಹಿಡಿದರು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ಅವರು ಕಡ್ಡಿ ಥರ ಇದ್ದಾರೆ, ನೀವು ಮೈಕೈ ತುಂಬ್ಕೊಂಡಿದೀರ. ಪೇಪರ್ ಮಾತ್ರ ಅವಳಿ-ಜವಳಿ."

ಎಲ್ಲರೂ ನಕ್ಕರು. ಆಮೇಲೆ ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಆ ಟವೆಲ್ಲೂ ಹೀಗೇನಾ?"

ನಲವತ್ತೇಳು ವರ್ಷ ನನಗೆ. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಮಾರ್ಚ್ 14, ಶುಕ್ರವಾರ

ಕ್ಲಾಸಿಗೆ ಹೋಗಲಿಲ್ಲ. ಬಸ್‌ಸ್ಟಾಪಿನಲ್ಲಿ ಎರಡು ಗಂಟೆ ಕೂತು ಮನೆಗೆ ಬಂದೆ. "ಏನು ಕಲಿಸಿದ್ರು?" ಎಂದಳು ಅಕ್ಕ. "ಕಾಲರ್" ಎಂದೆ.

ಮಾರ್ಚ್ 15, ಶನಿವಾರ, ಮಧ್ಯಾಹ್ನ

ಅಂಗಡಿಯಲ್ಲಿ ಯಾರೂ ಇಲ್ಲ. ಹೋಂವರ್ಕ್ ಮತ್ತೆ ಮಾಡುತ್ತಿದ್ದೇನೆ.

ಸ್ಕೂಲಿನಲ್ಲಿ ಅಕ್ಕ ನನಗಿಂತ ಒಂದು ಕ್ಲಾಸು ಮುಂದೆ. ಅವಳ ಹಿಂದಿನ ವರ್ಷದ ನೋಟ್‌ಬುಕ್ಕುಗಳೇ ನನ್ನ ವಿದ್ಯೆ. ಒಮ್ಮೆ 'ನನ್ನ ತಂಗಿ' ಪ್ರಬಂಧವನ್ನು ಅಕ್ಷರ ಬಿಡದೆ ಇಳಿಸಿದೆ. 'ನನ್ನ ತಂಗಿ ಹಟಮಾರಿ, ಮೂಗಿನ ಮೇಲೆ ಮಚ್ಚೆ ಇದೆ.' ಮಚ್ಚೆ ನನ್ನದೇ. ನನಗೆ ತಂಗಿಯೇ ಇಲ್ಲ. ಟೀಚರ್ ಕ್ಲಾಸಿನ ಮುಂದೆ ನಿಲ್ಲಿಸಿ ಓದಿಸಿದರು.

ಹಾಗಾದರೆ ನಾನು ಯಾವುದರ ಥರ? ಚಾಕ್. ಯಾರದಾದರೂ ಅಂಚು ಸಿಕ್ಕರೆ ಸರಾಗ ಓಡುತ್ತೇನೆ. ಅಂಚಿಲ್ಲದ ಕಡೆ ನಿಂತುಬಿಡುತ್ತೇನೆ. ಯಾಕೆ? ತಪ್ಪಿದರೆ ಬೇರೆಯವರ ಗೆರೆ ತಪ್ಪು, ನನ್ನದಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು, ಮೇಡಂ ಮೆಚ್ಚುತ್ತಿದ್ದರು. ಆದರೆ ಇನ್ನೂ ಇದೆ... ನರ್ಸ್ ಬಂದು ಅಕ್ಕನ ಬ್ಯಾಂಡೇಜು ಬದಲಿಸುವಾಗೆಲ್ಲ ನಾನು ಬಿಸಿನೀರಿನ ನೆಪ ಮಾಡಿ ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಒಂದು ದಿನವೂ ನೋಡಲಿಲ್ಲ. ಟೇಪು ಹಿಡಿದರೆ ನೋಡಬೇಕಾಗುತ್ತದೆ. ನೀಲಿ ಅಂಗಿಯಲ್ಲಿ ಅಕ್ಕ ಮೊದಲಿನ ಹಾಗೇ ಇದ್ದಳು, ಅದಕ್ಕೇ ಅದನ್ನು ಹಾಸಿದ್ದು. ಮರೆತು ಅಲ್ಲ. ಮರೆತೆ ಎಂದು ಒಂದು ವಾರದಿಂದ ನನಗೆ ನಾನೇ ಹೇಳಿಕೊಂಡಿದ್ದೆ.

ನಾಚಿಕೆಯಾಗುತ್ತದೆ. ಈ ಪುಟ ಹರಿಯಬಾರದು.

ಮಾರ್ಚ್ 16, ಭಾನುವಾರ, ಬೆಳಿಗ್ಗೆ 10

ಅಕ್ಕನ ರೂಮಿಗೆ ಹೋಗಿ ನಿನ್ನೆಯ ಪುಟ ಓದಲು ಕೊಟ್ಟೆ. ಅವಳು ಓದುವಷ್ಟು ಹೊತ್ತು ಚಾಪೆಯ ಅಂಚಿನ ಎಳೆ ಎಣಿಸುತ್ತಾ ನಿಂತಿದ್ದೆ.

"ಬಿಸಿನೀರು ಯಾವತ್ತೂ ಬರ್ಲೇ ಇಲ್ಲ. ನರ್ಸ್ ಕೇಳೋಳು, ನಿಮ್ಮ ತಂಗಿ ನೀರು ಕಾಯಿಸ್ತಾರಾ, ಬಾವಿ ತೋಡ್ತಾರಾ ಅಂತ."

ಇಬ್ಬರಿಗೂ ನಗು ಬಂತು. ನನಗೆ ಅದರ ಜೊತೆಗೇ ಅಳು.

"ನಾನು ಅಳತೆ ತಗೋತೀನಿ ಅಕ್ಕ. ತಪ್ಪಾದ್ರೂ ಆಗ್ಲಿ."

ಅಕ್ಕ ಶಾಲನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು. "ನಂಗೂ ಗೊತ್ತಿಲ್ಲ ಕಣೇ ನನ್ನ ಅಳತೆ. ಕನ್ನಡೀಲಿ ಕುತ್ತಿಗೆ ತನಕ ಮಾತ್ರ ನೋಡ್ಕೋತೀನಿ." ಆಮೇಲೆ ಶಾಲು ತೆಗೆದು ಕುರ್ಚಿಯ ಮೇಲೆ ಹಾಕಿದಳು. ಕನ್ನಡಿಯ ಕಡೆಗೇ ತಿರುಗಿ ನಿಂತಳು. "ಬೇಗ ಅಳತೆ ತಗೋ. ನಾಳೆ ಬೆಳಿಗ್ಗೆ ಬೇಕು ನಂಗೆ."

ಅಳತೆ ಬರೆಯುವ ಪುಸ್ತಕ ನನ್ನ ಬಳಿ ಇಲ್ಲ, ಯಾವತ್ತೂ ಬೇಕಾಗಿರಲಿಲ್ಲ. ಇದರಲ್ಲೇ ಬರೆಯುತ್ತಿದ್ದೇನೆ. ಈ ಸಲ ನೋಡುತ್ತಿದ್ದೇನೆ.

ಬಲಗಡೆ, ಭುಜದಿಂದ ಎದೆಯ ತುದಿಗೆ — ಹತ್ತೂವರೆ.

ಎಡಗಡೆ, ಭುಜದಿಂದ ಗಾಯದ ಗೆರೆಗೆ —